ಮಾಳಿಗಿ ಮಣ್ಣು

ಕೀಲಿ ಕೊಡುವಾಗ ಮಶಾಕ ಪಟೇಲರು
ಒಂದೇ ಮಾತು ಹೇಳಿದ್ರು:
"ಸಿಸ್ಟರ್, ಈ ಮನಿ ನಿಮಗ ಮಾರಿಲ್ಲ,
ಇದರ ಚಾಕರಿಗಿ ನಿಮ್ಮನ್ನ ಹಚ್ಚೀನಿ."
ನಾ ನಕ್ಕೆ.
ಆಗಿನ್ನೂ ಮಳಿ ನೋಡಿರಲಿಲ್ಲ.

ಸೇಡಂ, ಕಾಳಗಿ, ಚಿಂಚೋಳಿ, ಮತ್ತ ಕಾಳಗಿ;
ಇಪ್ಪತ್ತಾರು ವರ್ಷ ಸರಕಾರಿ ಕ್ವಾರ್ಟರ್ಸಿನ್ಯಾಗ
ಸ್ಲ್ಯಾಬಿನ ಕೆಳಗ ರೊಟ್ಟಿಹಂಗ
ಎರಡೂ ಮಗ್ಗಲು ಬೆಂದವಳು ನಾನು.
ಈ ಮನಿಗಿ ಮೊದಲ ಸಲ ಬಂದದ್ದು ಹೆರಿಗಿ ಮಾಡಿಸಲಿಕ್ಕ,
ಮೇ ತಿಂಗಳ ನಟ್ಟನಡು ಮಧ್ಯಾಹ್ನ.
ಪಟೇಲರ ಸೊಸಿ ಚೀರಲತ್ತಿದ್ಲು,
ನನಗ ಮಾತ್ರ, ದೇವರು ಕ್ಷಮಿಸಲಿ,
ಬೆನ್ನಿಗಿ ಗೋಡಿಯ ತಂಪು ತಾಗಿದ್ದೇ ನೆನಪು.
ಎರಡು ಮೊಳದ ಗೋಡಿ. ಕಾಲಡಿ ಶಹಾಬಾದ ಪರಸಿ.
ಬೆಳಕಿಂಡಿಯಿಂದ ಇಳಿದ ಬಿಸಿಲು
ನೆಲದ ಮ್ಯಾಲ ರೂಪಾಯಿಯಷ್ಟೇ ಬಿದ್ದಿತ್ತು.
ಕೂಸು ಅತ್ತಾಗ ಅದು ಗ್ವಾದಲಿ ತನಕ ಸರಿದಿತ್ತು.
ಗಡಿಯಾರ ನಿಂತಿತ್ತು, ಅದನ್ನೇ ನೋಡಿ
ರಿಜಿಸ್ಟರಿನ್ಯಾಗ ನಾಲ್ಕು ಗಂಟಿ ಅಂತ ಬರದೆ.

ಪಾಟ್ಲಿ ಮಾರಿ ಕೊಂಡೆ.
"ಜಾಗಾ ಛಲೋ ಅದ, ಕೆಡವಿ ಕಟ್ಟಸ್ರಿ" ಅಂದ್ರು ಎಲ್ಲರೂ,
ಕೆಡವೂದೂ ಒಂದು ಶುಭಕಾರ್ಯ ಇದ್ದಂಗ.

ಮೊದಲ ಮಳಿಗಿ ಹನ್ನೊಂದು ಕಡಿ ಸೋರಿತು.
ಬೋಗುಣಿ, ಚರಗಿ, ಪರಾತ,
ಕಡೀಕ ಲಸಿಕಿ ಒಯ್ಯೂ ನೀಲಿ ಡಬ್ಬಿ ಸೈತ ಇಟ್ಟೆ.
ರಾತ್ರಿಯೆಲ್ಲಾ ಜಂತಿ ಎಣಿಸಿದೆ.
ಮಂದಿ ಮಾತಿಗಿ ಎಣಸ್ತಾರ, ನಾ ಖರೇನೇ ಎಣಿಸಿದೆ:
ನಲವತ್ತಮೂರು. ಎರಡು ಬಾಗ್ಯಾವ.

ಸಾಯಬಣ್ಣನ್ನ ಹುಡುಕಿದೆ.
ಮಾಳಿಗಿ ಕೆಲಸ ಬಲ್ಲಾಂವ ಅವನೊಬ್ಬನೇ,
ಈಗ ಸಿಮೆಂಟ್ ಫ್ಯಾಕ್ಟರಿ ಗೇಟಿನ್ಯಾಗ ವಾಚಮನ್.
ರವಿವಾರ ಬಂದು ನಿಚ್ಚಣಿಕಿ ಏರಿದ,
ಹಿಮ್ಮಡಲೆ ಅಲ್ಲಿಷ್ಟು ಇಲ್ಲಿಷ್ಟು ಒತ್ತಿದ,
ನಾ ಬಸುರಿ ಹೊಟ್ಟಿ ಒತ್ತಿ ನೋಡಿದಂಗ.
"ಮಣ್ಣು ಕಮ್ಮಿಯಾಗಿ ಸೋರಲತ್ತಿಲ್ಲ, ಬಾಯಿ,
ಹೆಚ್ಚಾಗಿ ಸೋರಲತ್ತದ.
ವರ್ಷಾ ವರ್ಷಾ ಹಾಕ್ಯಾರ, ಯಾರೂ ತೆಗದಿಲ್ಲ.
ಭಾರಕ್ಕ ಜಂತಿ ಬಗ್ಗಿ ನಡುವ ನೀರು ನಿಂತದ."

ನಾಲ್ಕು ದಿನ ಇಳಿಸಿದ್ವಿ.
ಮ್ಯಾಲ ಪ್ಲಾಸ್ಟಿಕ್ ಹಾಳಿ, ಅದರಡಿ ಡಾಂಬರು,
ಪಟದ ಮಾಂಜಾ, ಮುರುದ ಹಸರ ಬಳಿ,
ಎಲ್ಲಾದಕ್ಕೂ ಕೆಳಗ ಹಳೇ ಕರ್ಲಮಣ್ಣು,
ಬೂದಿಬಣ್ಣ, ನಾಲಿಗಿಗಿ ಹಚ್ಚಿದ್ರ ಉಪ್ಪುಪ್ಪು.
ಅದರಾಗೊಂದು ನಿಜಾಮನ ಕಾಲದ ತೂತಿನ ಬಿಲ್ಲಿ.
ಪಟೇಲರಿಗಿ ಫೋನ್ ಮಾಡಿದೆ.
"ಇಟ್ಕೋರಿ," ಅಂದ್ರು,
"ನಮ್ಮಜ್ಜನ ಪಗಾರ ಇದ್ದೀತು. ಈಗ ನಿಮ್ಮದು."

ಬಾಗಿದ ಜಂತಿಗಿ ಬೇವಿನ ಜಂತಿ ಬಂದ್ವು,
ಅದರ ಮ್ಯಾಲ ತೊಗರಿ ಕಟಗಿ, ಹಸಿ ಬೇವಿನ ತೊಪ್ಪಲ.
ಹೊಸಾ ಕರ್ಲಮಣ್ಣು ಎಲ್ಲಿಂದ ಬಂತು ಅಂದ್ರ,
ಆ ಹಳ್ಳದ ದಂಡಿ ಈಗ ಫ್ಯಾಕ್ಟರಿ ಬೇಲಿಯೊಳಗದ,
ಬೇಲಿಗೊಬ್ಬ ವಾಚಮನ್ ಇದ್ದಾನ.
ಇಷ್ಟು ಸಾಕು.

ಮಿರಗಾ ಒಂದು ಸಲ ಹೊಡದು ಮಾಯಾಗಿ
ಬಿಸಿಲು ಮತ್ತ ಬ್ಯಾಸಗಿದೇ ಆದ ಒಂದಿನ
ಬಿಲ್ ಕಲೆಕ್ಟರ್ ಅಂಬಾರಾಯ ಬಂದ, ಮನಿ ಬರಕೊಳ್ಳಲಿಕ್ಕ.
"ಕಚ್ಚಾ ಅಂತ ಬರದ್ರ ಕೆಡವಲಿಕ್ಕ ರೊಕ್ಕ ಬರ್ತದ, ಸಿಸ್ಟರ್,
ಸ್ಲ್ಯಾಬ್ ಹಾಕಸ್ರಿ."
ನೀರು ಕುಡದ. ಗ್ವಾಡಿಗಿ ಆತ.
ಫಾರಂ ಎದಿ ಮ್ಯಾಲಿಟ್ಟುಕೊಂಡೇ ನಿದ್ದಿ ಹೋದ,
ಹಾಲು ಕುಡದ ಕೂಸಿನಂಗ, ಬಾಯಿ ತಕ್ಕೊಂಡು.
ಎಬ್ಬಿಸಲಿಲ್ಲ.
ಬಿಸಿಲ ಬಿಲ್ಲಿ ಅವನ ಕಾಲು ದಾಟಿ,
ಚಪ್ಪಲಿ ದಾಟಿ, ಗ್ವಾದಲಿಗಿ ಮುಟ್ಟಿದಾಗ
ಗಾಬರಿಲೆ ಎದ್ದು ಜೊಲ್ಲು ವರಸಿಕೊಂಡ.
"ಏನ್ ಮಾಡ್ಲಿ, ಎರಡೇ ಕಾಲಂ ಅವ,"
ಅಂದು ಕಚ್ಚಾಕ್ಕ ಗೀಟು ಹೊಡದ.
ಹೋಗೂ ಮುಂದ ಹೊಚ್ಚಲದಾಗ ನಿಂತು
ನಾಳಿ ಪಕ್ಕದ ಓಣಿಗಿ ಬರೂದದ,
ಮಧ್ಯಾಹ್ನದ ವ್ಯಾಳ್ಯಾಕ್ಕ ಬಂದೇನು ಅಂದ.

ನಾ ನಿಚ್ಚಣಿಕಿ ಹಚ್ಚಿದೆ.
ಆ ಒಂದೇ ಮಳಿಗಿ
ಮ್ಯಾಲ ಬೊಟ್ಟುದ್ದ ಹುಲ್ಲು ಹುಟ್ಯಾದ.
ಬೇರು ಇಳಿಯೂದರೊಳಗ ಕೀಳಬೇಕು.