ಬೇಗ ಬಂದವಳು

"ಕೊನೆಗೆ ಬರೋರಂತೆ ನೀವು, ಈಗ್ಲೇ ಯಾಕೆ ಬಂದ್ರಿ?"
ಬಾಗಿಲಿಗೆ ಅಡ್ಡ ನಿಂತು ಕೇಳಿದೆ, ಅವಳು ಚಪ್ಪಲಿ ಬಿಡುವ ಮೊದಲೇ.
ಫರ್ಹಾನಾ ಸಿಸ್ಟರ್ ನಕ್ಕಳು, ಕುಡಿಯಲು ನೀರು ಕೇಳಿದಳು,
ಶಿಡ್ಲಘಟ್ಟದ ಬಿಸಿಲಲ್ಲಿ ಬಸ್‌ಸ್ಟ್ಯಾಂಡಿಂದ ನಡೆದೇ ಬಂದಿದ್ದಳು.
"ಕೊನೆಗೆ ಬಂದ್ರೆ ಕೂತು ಮಾತಾಡೋಕೆ ಪುರುಸೊತ್ತೆಲ್ಲಿ ಅಣ್ಣ?"

ಚೌಡಮ್ಮ ಮಂಚದ ತುದಿಯಲ್ಲಿ, ಮೊಣಕೈ ತೊಡೆಗೂರಿ,
ಭುಜ ಕಿವಿಯ ತನಕ ಏರಿಸಿ ಉಸಿರು ಹುಡುಕುತ್ತಿದ್ದಳು.
ಇಪ್ಪತ್ತಾರು ವರ್ಷ ಕುದಿನೀರಿನ ಮುಂದೆ
ಗೂಡು ತಿರುವಿ ಎಳೆ ತೆಗೆದ ಕೈ.
ಹಬೆ, ಸೌದೆ ಹೊಗೆ, ಬೆಂದ ಹುಳುವಿನ ನಾತ
ಕೈ ತೊಳೆದರೆ ಹೋಯಿತು ಅಂದುಕೊಂಡಿದ್ದೆವು.
ಎದೆಯನ್ನು ತೊಳೆಯುವವರು ಯಾರು?

ಸಿಸ್ಟರ್ ಕಲಿಸಿದ್ದು ದೊಡ್ಡದೇನಲ್ಲ.
ತುಟಿ ಕೂಡಿಸಿ, ಬಿಸಿ ಕಾಫಿಗೆ ಊದಿದ ಹಾಗೆ, ಮೆಲ್ಲಗೆ.
ಉಳಿದದ್ದನ್ನು ಚೌಡಮ್ಮನೇ ಸೇರಿಸಿದಳು:
"ಎಳೇನ ಜಗ್ಗಬಾರ್ದು. ಅದೇ ಬಿಚ್ಕೊಂಡು ಬರ್ಬೇಕು."
ಬಚ್ಚಲಿಗೆ ಒಂದು ಪ್ಲಾಸ್ಟಿಕ್ ಸ್ಟೂಲು ಬಂತು.
ಮುಖದ ಹತ್ತಿರ ಹಿಡಿಯಲು ಅಂಗೈ ಅಗಲದ ಫ್ಯಾನು,
ಮಕ್ಕಳಿಗೆ ಮಾರುವಂಥದ್ದು, ಹಳದಿ.
ಇನ್‌ಹೇಲರ್ ಎಳೆಯುವುದೇ ತಪ್ಪಾಗಿತ್ತಂತೆ ಮೂರು ವರ್ಷ.
ಯಾರೂ ನೋಡಿರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದಳು:
"ನೀವು ಪೂರ್ತಿ ಮಲಗಿ ಎದ್ದಿದ್ದು ಯಾವತ್ತು?"
ಲಗೇಜ್ ಆಟೋದ ಬಾಡಿಗೆ ಲೆಕ್ಕ ಗೊತ್ತು,
ರಾತ್ರಿ ನಿಮಿಷಕ್ಕೆ ಅವಳ ಉಸಿರೆಷ್ಟು, ಅದೂ ಗೊತ್ತು.
ಇದಕ್ಕೆ ಉತ್ತರವಿರಲಿಲ್ಲ.
ಒಳಗೆ ಹೋಗಿ, ಒಲೆಯ ಮುಂದೆ ನಿಂತು,
ಇಲ್ಲದ ಹಾಲು ಉಕ್ಕದಂತೆ ನೋಡಿಕೊಂಡೆ.

"ನಿಮಗೇನು ಬೇಕು?" ಅಂತ ಅವಳನ್ನು ಕೇಳಿದ್ದು ಕೇಳಿಸಿತು.
ವಾಸಿಯಾಗಬೇಕು ಅಂತಾಳೆ ಅಂದುಕೊಂಡೆ.
"ಗೂಡಿನ ಮಾರ್ಕೆಟ್ಟು... ಒಂದ್ಸಲ... ನೋಡ್ಬೇಕು.
ಮತ್ತೆ, ಜಾಸ್ತಿ ಆದಾಗ... ಗಂಟಲಿಗೆ ಪೈಪು... ಬ್ಯಾಡ.
ನಾನ್ ಹೇಳಿದ್ರೆ ಇವ್ರು ಅಳ್ತಾರೆ. ನೀವೇ ಹೇಳಿ."

ಆ ಗುರುವಾರ ಆಟೋ ಹಿಂದೆ ಕುರ್ಚಿ ಕಟ್ಟಿ ಕರೆದೊಯ್ದೆ.
ಗದ್ದಲದ ಅಂಚಿನಲ್ಲಿ ಕೂತು, ಯಾರದೋ ರಾಶಿಯಿಂದ
ಒಂದು ಗೂಡೆತ್ತಿ ಕಿವಿಗಿಟ್ಟು ಅಲುಗಿಸಿದಳು.
ಪರದೆಯ ಮೇಲಿನ ಬೆಲೆ ಓದಿಸಿಕೊಂಡು
"ಈ ಮಾಲಿಗೆ ಕಮ್ಮಿ ಆಯ್ತು" ಅಂದಳು,
ಇಡೀ ದಾರಿ ಅದನ್ನೇ ಅಂದಳು.

ವಾಸಿಯಾಗಿಲ್ಲ. ದೀಪಾವಳಿ ಹೊತ್ತಿಗೆ ಹೊಸ್ತಿಲು ದಾಟುವುದೂ ನಿಂತಿತು.
ಸೋಮವಾರ ಮಧ್ಯಾಹ್ನ ಎದುರುಮನೆ ರತ್ನಾಬಾಯಿ ಬಂದು ಕೂರುತ್ತಾಳೆ,
ನಾನು ಪಡಸಾಲೆಯಲ್ಲಿ ಮಲಗಬೇಕು, ಸಿಸ್ಟರ್ ಅಪ್ಪಣೆ.
ಮೊದಲ ದಿನ ಗಾಬರಿಬಿದ್ದು ಎದ್ದೆ, ಹೊತ್ತು ಮುಳುಗಿತ್ತು.
ಒಳಗೆ ಆ ಹಳದಿ ಫ್ಯಾನು ಗುಂಯ್ ಅನ್ನುತ್ತಿತ್ತು.
ಪಕ್ಕದಲ್ಲಿ ಕೂತು ಉಸಿರೆಣಿಸತೊಡಗಿದೆ.
"ಎಣಿಸ್ಬ್ಯಾಡ್ರಿ," ಅಂದಳು ಕಣ್ಣು ಮುಚ್ಚಿಕೊಂಡೇ,
"ಕಾಫಿ ಮಾಡಿ. ಊದೋಕಾದ್ರೂ ಬೇಕಲ್ಲ."