ಕಾಗದ ಓದುವ ಹುಡುಗಿ

ಗಂಡುಮಕ್ಕಳಿಗೆ ದನ, ಹೆಣ್ಣುಮಕ್ಕಳಿಗೆ ಸ್ಲೇಟು.
ಹೀಗಂದರೆ ಬೇರೆ ಊರಿನವರು ನಗುತ್ತಾರೆ,
ತಿರುಗಾಮುರುಗಾ ಹೇಳಿದೆಯಲ್ಲೇ ಅಂತ.
ಇಲ್ಲ. ಲೆಸೊಥೊದ ಮೇಲ್ಗುಡ್ಡದಲ್ಲಿ
ಆರು ತುಂಬಿದ ಹುಡುಗನ ಹೆಗಲಿಗೆ ಕಂಬಳಿ, ಕೈಗೆ ಕೋಲು,
ಮುಂದೆ ಹದಿನೆಂಟು ಕುರಿ.
ಅವನ ಅಕ್ಕನಿಗೆ ಮಿಶನ್ ಶಾಲೆಯ ಗಂಟೆ.

ನಾನು ಆ ಅಕ್ಕ. ಹೆಸರು ದಿಪುವೊ, ಅಂದರೆ ಮಾತುಗಳು.
ನಮ್ಮಲ್ಲಿ ಮಗುವಿನ ಹೆಸರು ತಾಯಿಗೆ ಅಂಟುತ್ತದೆ:
ಅವ್ವ ಮಾದಿಪುವೊ, ಮಾತುಗಳ ತಾಯಿ.
ಮಾತು ಕಡಿಮೆ ಅವಳಿಗೆ.

ಶಾಲೆಗೆ ಒಂದು ಹಳ್ಳ, ಎರಡು ಗುಡ್ಡ.
ಜೂನ್ ತಿಂಗಳು ಹಿಮ ಬಿದ್ದರೆ ಪಾದಕ್ಕೆ ಗೋಣಿ ಸುತ್ತಿ
ಮಡಿಲಲ್ಲಿ ಸುಟ್ಟ ಮೆಕ್ಕೆಜೋಳ ಒಂದು ತೆನೆ,
ತಿನ್ನುವುದು ಆಮೇಲೆ, ಮೊದಲು ಬೆರಳು ಕಾಯಿಸಲಿಕ್ಕೆ.
ಕೈ ತೋರಿಸು ಅಂದರೆ ಟೀಚರು, ಉಗುರಲ್ಲಿ ಸಗಣಿ;
ನಸುಕಿಗೇ ಎದ್ದು ಬೆರಣಿ ತಟ್ಟಿ ಬಂದವಳು ನಾನು.
ತಮ್ಮ ಮೊಹಾಪಿ ದಿನ್ನೆ ಮೇಲಿಂದ ಸಿಳ್ಳೆ ಹಾಕುತ್ತಿದ್ದ.
ಸಂಜೆ ಕೇಳುತ್ತಿದ್ದ: ಇವತ್ತು ಏನು ಕೊಟ್ಟರು?
ಅಕ್ಷರ ಅಂದರೆ ತಿನ್ನುವ ವಸ್ತು ಅಂದುಕೊಂಡಿದ್ದ ಪಾಪ.

ಊರ ಗಂಡಸರೆಲ್ಲ ಗಡಿಯಾಚೆ, ಚಿನ್ನದ ಗಣಿಯ ಹೊಟ್ಟೆಯಲ್ಲಿ.
ತಿಂಗಳಿಗೊಮ್ಮೆ ಕುದುರೆ ಮೇಲೆ ಅಂಚೆ.
ಆಗ ಒಂಬತ್ತು ವರ್ಷದ ನಾನು ಊರಿಗೇ ದೊಡ್ಡವಳು.
ಮುದುಕಿಯರು ಚಾಪೆ ಹಾಸುತ್ತಿದ್ದರು,
ಒಬ್ಬಳು ಪೀಚ್ ಹಣ್ಣು ಕೊಟ್ಟು, ಮೆಲ್ಲಗೆ ಓದು ಮಗಾ ಅನ್ನುತ್ತಿದ್ದಳು,
ಗಂಡ ಬೇಗ ಮುಗಿದುಹೋಗದ ಹಾಗೆ.

ನಮ್ಮಪ್ಪನ ಕಾಗದ ಒಂದು ಬಂತು, ಮಳೆ ಕಾದ ವರ್ಷ.
ಹಣ ಕಳಿಸಿದ್ದೇನೆ. ಎತ್ತು ಮಾರಬೇಡ.
ಮೂರನೆಯ ಸಾಲು:
ಇಲ್ಲಿ ಇನ್ನೊಂದು ಒಲೆ ಹೂಡಿದ್ದೇನೆ, ಒಂದು ಗಂಡುಮಗು.
ಕೆಮ್ಮಿದೆ.
ಕೆಮ್ಮಿ, ಚಳಿ ಜಾಸ್ತಿ ಹುಷಾರು ಅಂತ ಓದಿದೆ.
ಅವ್ವ ಕಾಗದ ಮಡಚಿ ಚಹಾ ಡಬ್ಬಿಗೆ ಹಾಕಿದಳು.
ಎತ್ತು ಮಾರಲಿಲ್ಲ.

ಇಪ್ಪತ್ತಕ್ಕೆ ನಾನೂ ಟೀಚರಾದೆ. ಅದೇ ಶಾಲೆ,
ಒಂದೇ ಕೋಣೆ, ಎಂಬತ್ಮೂರು ಮಕ್ಕಳು,
ನಾನೂ ಕೈ ತೋರಿಸಿ ಅಂದೆ ಮೊದಲ ವಾರ. ಆಮೇಲೆ ಬಿಟ್ಟೆ.
ರಾತ್ರಿ ಕುರಿಕಾಯುವವರಿಗೆ ಪಾಠ:
ಏಳು ಜನ, ಹನ್ನೊಂದು ನಾಯಿ.
ಮೊಹಾಪಿ ಇರಲಿಲ್ಲ, ಅಷ್ಟರಲ್ಲಿ ಅವನೂ ಗಣಿಗೆ ಇಳಿದಿದ್ದ.
ಲೆಬುಸಾ ನನಗಿಂತ ದೊಡ್ಡವನು, ಗಡ್ಡ ಬಂದವನು,
ಮೂರು ಚಾಕ್‌ಪೀಸು ಮುರಿದು ಬೆವರಿದ.
ಲೆಕ್ಕ ಬೇಡವೇನೋ, ಕುರಿ ಹೇಗೆ ಎಣಿಸುತ್ತೀ ಅಂತ ಗದರಿದೆ.
ಎಣಿಸೋದಿಲ್ಲ ಟೀಚರ್, ಅಂದ.
ಇಲ್ಲದ್ದು ಕಾಣುತ್ತೆ.

ಎರಡನೆಯ ಚಳಿಗಾಲ ಅವ್ವ ಬಂದು
ಲಾಟೀನು ಬೆಳಕು ಮುಗಿಯುವಲ್ಲಿ, ನಾಯಿಗಳ ಪಕ್ಕ ಕೂತಳು.
ಬಾ ಮುಂದೆ ಅಂದರೆ ಬರಲಿಲ್ಲ.
ಮೂರು ತಿಂಗಳಿಗೆ ತನ್ನ ಹೆಸರು ಬರೆದಳು:
ಮೊದಲು ಪೂರ್ತಿ ನನ್ನ ಹೆಸರು, ಸ್ವಲ್ಪ ಹೊತ್ತು ಸುಮ್ಮನಿದ್ದು
ಅದರ ಮುಂದೆ ಇಷ್ಟೇ ಇಷ್ಟು ತಾನು.

ಪೀಚ್ ಮರ ಹೂ ಬಿಟ್ಟ ವಾರ ಡಬ್ಬಿ ತಂದಳು.
ಹುಡುಗರೆಲ್ಲ ಹೋದ ಮೇಲೆ, ಅಂದುಕೊಂಡೆ.
ಅವಳು ಕಾಯಲಿಲ್ಲ.
ಮಡಿಕೆಯಲ್ಲಿ ಹರಿದ ಕಾಗದ, ಅದರ ಮೇಲೆ ಬೆರಳು,
ಗದ್ದೆಯಲ್ಲಿ ಕಳೆ ಹುಡುಕುವ ಹಾಗೆ ಒಂದೊಂದೇ ಅಕ್ಷರ.
ಹಣ. ಎತ್ತು.
ಮೂರನೆಯ ಸಾಲಿಗೆ ಬಂದು ಬೆರಳು ನಿಂತಿತು.
ನನಗೆ ಗಂಟಲು ಒಣಗಿತು.

ನೀನು ಕೆಮ್ಮಿದ್ದು ಇಲ್ಲೇ ಅಲ್ಲವಾ, ಅಂದಳು.

ಮತ್ತೆ ಓದತೊಡಗಿದಳು, ಮೊದಲ ಸಾಲಿಂದ,
ಈ ಸಲ ಜೋರಾಗಿ.
ಒಂದು ಕಡೆ ತಡವರಿಸಿದಾಗ
ಬಾಗಿಲ ಬಳಿಯಿಂದ ಲೆಬುಸಾ ಆ ಅಕ್ಷರ ಹೇಳಿಕೊಟ್ಟ.
ನಾನು ಬೋರ್ಡು ಒರೆಸುತ್ತಿದ್ದೆ,
ಒರೆಸಿದ್ದನ್ನೇ.