ಮೊದಲ ನೀರು

ಅಲ್ತಾರಿನ ಬಟ್ಟೆ ಒಗೆಯುವುದು
ಹದಿನೇಳು ವರ್ಷದಿಂದ ನನ್ನ ಕೆಲಸ.
ಅತ್ತೆ ನತಾಲ್ ಬಾಯಿ ಹೇಳಿಕೊಟ್ಟದ್ದು:
ಪಾನಪಾತ್ರೆ ಒರಸಿದ ತುಂಡುಬಟ್ಟೆಯ ಮೊದಲ ನೀರು
ಚರಂಡಿಗೆ ಹೋಗಬಾರದು,
ಯಾರೂ ಮೆಟ್ಟದ ಮಣ್ಣಿಗೆ ಹೋಗಬೇಕು.
ಒಂದು ಹನಿ ಆತ ಉಳಿದಿದ್ದರೆ? ಅಂತ ಕಣ್ಣು ದೊಡ್ಡದು ಮಾಡಿದ್ದಳು.
ಬಾವಿಯ ಹಿಂದೆ ಬಿಂಬುಳಿ ಮರ. ಬುಡದಲ್ಲಿ ಚಗಳಿ ಇರುವೆ.
ಅಲ್ಲಿ ಯಾರೂ ಮೆಟ್ಟುವುದಿಲ್ಲ.

ಮಾರ್ಚಿನಲ್ಲಿ ಇಗರ್ಜಿಗೆ ಬೀಗ ಬಿತ್ತು.
ತಲಪಾಡಿಯಲ್ಲಿ ರಸ್ತೆಗೆ ಅಡ್ಡ ಕೆಂಪುಮಣ್ಣು ಸುರಿದರು, ಆಳೆತ್ತರ.
ನಾವು ಕೇರಳದವರು, ಬಿಶಪರು ಮಂಗಳೂರಿನವರು,
ಜಪಮಾಲೆ ಕೊಂಕಣಿಯಲ್ಲಿ, ಲೆಕ್ಕ ಕಲಿತದ್ದು ಕನ್ನಡದಲ್ಲಿ,
ರೇಶನ್ ಕಾರ್ಡು ಮಲಯಾಳದಲ್ಲಿ.
ಅಲ್ಲಿಯವರೆಗೆ ಇವೆಲ್ಲದರ ನಡುವೆ
ಹತ್ತು ನಿಮಿಷಕ್ಕೊಂದು ಬಸ್ಸು ಇತ್ತು.

ಫಾದರ್ ಕಾಯೆತಾನ್ ಒಬ್ಬರೇ ಬಲಿಪೂಜೆ ಮಾಡುತ್ತಿದ್ದರು.
ಮಿರ್ನೆಲ್ ಬೋನ ಗಂಟೆ ಹೊಡೆದು ಮನೆಗೆ ಹೋಗುತ್ತಿದ್ದ.
ನಾವು ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಮೊಣಕಾಲೂರಿದೆವು.
ಮೊದಲ ಭಾನುವಾರ ಸೀರೆ.
ಮೂರನೆಯ ಭಾನುವಾರ ನೈಟಿ.
ಪ್ರಸಾದದ ಹೊತ್ತಿಗೆ ಬಾಯಿ ತನ್ನಷ್ಟಕ್ಕೆ ತೆರೆಯುತ್ತಿತ್ತು,
ಸ್ವಲ್ಪ ಕಾದು, ಮುಚ್ಚುತ್ತಿತ್ತು.
ಮನಸ್ಸಿನಲ್ಲೇ ಸ್ವೀಕರಿಸಿ ಎಂದು ಪರದೆಯ ಮೇಲೆ ಬರುವುದು.
ಮನಸ್ಸಿನಲ್ಲೇ ಊಟ ಮಾಡಿದರೂ ಆಗ್ತದಾ? ಅಂದ ಸಿಲ್ವೆಸ್ತರ.
ಗಂಡನನ್ನು ಬೈದೆ. ಉತ್ತರ ಇರಲಿಲ್ಲ.

ತೆಂಗಿನ ಊರಿನಲ್ಲಿ ಗರಿಗಳ ಭಾನುವಾರ ಗರಿಯಿಲ್ಲದೆ ಹೋಯಿತು.
ಪಾದ ತೊಳೆಯುವ ಗುರುವಾರ
ಇಪ್ಪತ್ತು ಎಣಿಸಿ ಕೈ ತೊಳೆದೆವು.
ಪಾದ್ರಿಮನೆಯ ಜಗಲಿಯಲ್ಲಿ ನನಗಾಗಿ ಬುಟ್ಟಿ:
ಏಳು ತುಂಡುಬಟ್ಟೆ,
ಏಳರಲ್ಲೂ ಒಂದೇ ತುಟಿಯ ಕಲೆ.

ಶುಕ್ರವಾರದ ಮರುದಿನ, ತೊಕ್ಕೊಟ್ಟಿನಲ್ಲಿ,
ಅಕ್ಕ ಪಿಯಾದ್ ತೀರಿಕೊಂಡಳು.
ಆ ಕಾಯಿಲೆ ಅಲ್ಲ, ಹಳೆಯ ದಮ್ಮು,
ಎಂದು ಭಾವ ಮೂರು ಸಲ ಹೇಳಿದ.
ನನ್ನ ಅಂಗಳದಿಂದ ಹದಿನಾಲ್ಕು ಕಿಲೋಮೀಟರು.
ಫೋನಿನಲ್ಲಿ ಪೆಟ್ಟಿಗೆ ಕಂಡಿತು, ನಾಲ್ಕು ಜನ.
ತೀರ್ಥ ಚಿಮುಕಿಸಲು ಪಾದ್ರಿ ಎತ್ತಿದ ಕೈ
ಎತ್ತಿದಲ್ಲೇ ನಿಂತುಬಿಟ್ಟಿತು. ನೆಟ್‌ವರ್ಕ್ ಹೋಗಿತ್ತು.
ಆ ನಿಂತ ಕೈಗೆ ನಾವು ಶಿಲುಬೆಯ ಗುರುತು ಹಾಕಿದೆವು.
ಮತ್ತೆ ಬಂದಾಗ ಮಣ್ಣು ಮುಚ್ಚಿ ಆಗಿತ್ತು,
ಯಾರದೋ ಚಪ್ಪಲಿ ಮಾತ್ರ ಕಾಣುತ್ತಿತ್ತು.

ಇಪ್ಪತ್ತು ದಿನ ಕಳೆದು ಗ್ಯಾಸಿನ ಲಾರಿಯ ಕುಂಞಾಲಿ
ಗೇಟಿಗೆ ಒಂದು ತೊಟ್ಟೆ ಸಿಕ್ಕಿಸಿ, ದೂರ ಹೋಗಿ, ಹಾರ್ನ್ ಹೊಡೆದ.
ಒಳಗೆ ಅಕ್ಕ ಪೂಜೆಗೆ ತಲೆಗೆ ಹಾಕುತ್ತಿದ್ದ ಬಿಳಿ ವೇಲು.
ಮೂರು ದಿನ ಬಿಸಿಲಲ್ಲಿಟ್ಟೆ. ಮುಟ್ಟಬೇಡ ಅಂದ ಸಿಲ್ವೆಸ್ತರ.
ಮೂರನೆಯ ದಿನವೂ ಅದರಲ್ಲಿ ಅವಳ ತೆಂಗಿನೆಣ್ಣೆ,
ಒಂದು ಕೂದಲು:
ಅರ್ಧ ಬಿಳಿ, ಅರ್ಧ ಮದರಂಗಿ.

ಬಾಲ್ದಿಯಲ್ಲಿ ನೆನೆಸಿದೆ. ನೀರು ತುಸು ಬಣ್ಣಗೆಟ್ಟಿತು.
ಹಿಡಿದು ನಿಂತೆ.
ಚರಂಡಿಗೆ ಮನಸ್ಸಾಗಲಿಲ್ಲ,
ಬಿಂಬುಳಿಯ ಬುಡಕ್ಕೆ ಧೈರ್ಯ ಆಗಲಿಲ್ಲ.
ಫಾದರಿಗೆ ಫೋನ್ ಮಾಡಿ ಕೇಳಿದೆ,
ಅಲ್ಲಿ ಹೊಯ್ದರೆ ಪಾಪವೋ ಎಂದು.
ಆಚೆ ಬಹಳ ಹೊತ್ತು ಫ್ಯಾನಿನ ಸದ್ದು.
ನನಗೆ ಗೊತ್ತಿಲ್ಲ ಬಾಯಿ, ಅಂದರು.
ಫೋನು ಇಡಲಿಲ್ಲ.
ಹೊಯ್ಯಿರಿ, ಅಂದರು.

ಹೊಯ್ದೆ. ಚಗಳಿ ಕಾಲಿಗೆ ಹತ್ತಿ ಎಲ್ಲೆಂದರಲ್ಲಿ ಕಚ್ಚಿತು.
ಅಳು ಬಂದದ್ದು ಆಗ.
ಏನಾಯಿತು ಅಂತ ಓಡಿ ಬಂದವನಿಗೆ
ಇರುವೆ, ಅಂದೆ.

ಈಗ ಬಿಂಬುಳಿಗೆ ಕಾಂಡದ ತುಂಬ ಕಾಯಿ.
ಪ್ರತಿ ವರ್ಷವೂ ಬಿಡುತ್ತದೆ, ಅದರಲ್ಲಿ ಏನೂ ಇಲ್ಲ.
ಬಂಗುಡೆ ಸಾರಿಗೆ ನಾಲ್ಕು ಹಾಕಿ ನೋಡಿದೆ.
ಹುಳಿ.
ಉಪ್ಪು ಹಾಕಿ ಒಣಗಿಸಿದ್ದು ಒಂದು ಡಬ್ಬ ಇದೆ,
ರಸ್ತೆ ಬಿಟ್ಟ ದಿನ ಭಾವನಿಗೆ ಕೊಡಬೇಕು.